ದೆವ್ವಕ್ಕೆ ದನಿ ಕೊಟ್ಟವನು

ಕುದೂರು
6 ಜನವರಿ 2025

ಮಹಾಜನಗಳೇ! ಚನ್ನಪಟ್ಟಣದ ಹಿಂಬೀದಿಯ ತಗಡಿನ ಶೆಡ್ಡಿನಲ್ಲಿ, ಮರದ ಪುಡಿಯ ನಡುವೆ ನೆರೆದಿರುವ ಸಮಸ್ತ ಸಭಾಸದರೇ! ಮೆಶೀನು ನಿಲ್ಲಿಸಿ. ಬುಗುರಿ, ಗಿಲಕಿ, ಮಕ್ಕಳ ರೈಲು, ಎಲ್ಲವನ್ನೂ ಪಕ್ಕಕ್ಕೆ ಸರಿಸಿ. ಅಸ್ರಾ, ನೀನು ಎದ್ದು ನಿಂತು ಗಟ್ಟಿಯಾಗಿ ಓದಮ್ಮ. ನಿಮ್ಮಪ್ಪ ಓದಿದರೆ ಕರೆಂಟು ಬಿಲ್ಲು ಓದಿದ ಹಾಗಿರುತ್ತದೆ. ಲೇ ಶಾರುಖ್, ಆ ಉಳಿ ಕೆಳಗಿಡು. ಬರುತ್ತಿದ್ದಾನೆ, ಬರುತ್ತಿದ್ದಾನೆ! ಮೂವತ್ತು ವರ್ಷ ಗದೆ ಹೊತ್ತ ರಾಜಪಾರ್ಟು, ಸಂತೆಗೂ ನಾಟಕಕ್ಕೂ ಕಳೆದುಹೋದ ಎಮ್ಮೆಗೂ ಆಟೋದಲ್ಲಿ ಮೈಕು ಹಿಡಿದು ಮಾಗಡಿ ತಾಲ್ಲೂಕನ್ನೆಲ್ಲ ಎಬ್ಬಿಸುವ ಕುದೂರಿನ ಗುಡುಗು, ಮಹೇಂದ್ರ ನಿಮ್ಮ ಮುಂದೆ ಬರುತ್ತಿದ್ದಾನೆ, ಕಾಗದದ ಮೇಲೆ!

ಓವೈಸ, ನಿನ್ನ ಕಾರ್ಡು ಬಂತು. ಹತ್ತಿರ ಹತ್ತಿರ ಆರು ವರ್ಷ ಮಾತು ಬಿಟ್ಟಿದ್ದವನು ನಾಲ್ಕು ಸಾಲು ಗೀಚಿದ್ದೀಯ. "ಆ ಜಪಾನಿನ ದೆವ್ವದ ಪಿಕ್ಚರಿಗೆ ಎರಡನೇ ಭಾಗ ಬಂದೈತೆ. ಅಸ್ರಾ ಮೊಬೈಲಿಂದ ಟೀವಿಗೆ ಹಾಕ್ತಾಳೆ. ನೀನು ಬಂದ್ರೆ ನೋಡಾನ. ಬರದಿದ್ರೆ ಬ್ಯಾಡ." ಆಹಾ! ಆಮಂತ್ರಣ ಅಂದರೆ ಇದು! ಮದುವೆಗೆ ಕರೆಯೋಕೆ ನಿನ್ನನ್ನು ಕಳಿಸಿದ್ದರೆ ಊರಿಗೆ ಊರೇ ಮನೆಯಲ್ಲಿ ಉಂಡು ಮಲಗುತ್ತಿತ್ತು.

ಬರಲಾಗುವುದಿಲ್ಲ ಕಣಯ್ಯಾ. ಇದು ಅವರೆಕಾಯಿಯ ಕಾಲ, ಹೊಲ ಬಿಟ್ಟು ಕದಲುವ ಹಾಗಿಲ್ಲ. ಮೇಲಾಗಿ ಮೈಕಿನ ಕೆಲಸ ಮೈಮೇಲೆ ಬಿದ್ದಿದೆ, ದಿನಕ್ಕೆ ಎರಡೂರು, ಮೂರೂರು. ಕೂಗಿ ಕೂಗಿ ಸಾಕಾಗಿದೆ. ಅದಕ್ಕೇ ಫೋನು ಕೂಡ ಎತ್ತುತ್ತಿಲ್ಲ. ನೀನು ಹೊಸ ವರ್ಷದ ದಿನ ಮೂರು ಸಲ ಮಾಡಿದ್ದು ನೋಡಿದ್ದೇನೆ. ನೀವೇ ನೋಡಿಕೊಳ್ಳಿ. ದೆವ್ವಕ್ಕೆ ನನ್ನ ನಮಸ್ಕಾರ ಹೇಳಿ.

ಇಂತಿ, ದೂರದಿಂದಲೇ ಗುಡುಗುವ
ಮಹೇಂದ್ರ

(ಅದೇ ಕಾಗದದ ಹಿಂಬದಿ, ಬೇರೆ ಕೈಬರಹದಲ್ಲಿ)

ಓವೈಸಣ್ಣ, ನಾನು ಲತಾಮಣಿ, ಅವರ ಮನೆಯವಳು. ಇದನ್ನ ಯಾರಿಗೂ ಓದಿಸಬೇಡಿ. ಕವರ್ ಅಂಟಿಸೋಕೆ ನನಗೆ ಕೊಟ್ಟರು, ಅದಕ್ಕೇ ಬರೀತಿದ್ದೀನಿ. ಇವರು ಮೈಕು ಹಿಡಿಯದೆ ಮೂರು ತಿಂಗಳಾಯ್ತು. ದನಿ ಹೂತುಹೋಗಿದೆ. ಗಂಟಲಲ್ಲಿ ಗಡ್ಡೆ. ಬೆಂಗಳೂರಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದರು, ಕೆಟ್ಟದ್ದೇ ಅಂದರು. ದನಿಪೆಟ್ಟಿಗೆಯನ್ನೇ ತೆಗೀಬೇಕಂತೆ, ಆಮೇಲೆ ಕತ್ತಿನಲ್ಲಿರೋ ತೂತಿನಲ್ಲೇ ಉಸಿರಾಟ. ತೆಗೆದರೆ ಉಳೀತಾರೆ, ಮಾರ್ಚ್ ದಾಟಿಸಬೇಡಿ ಅಂದಿದ್ದಾರೆ. ಇವರು ಮಾತ್ರ "ದನಿ ಹೋದ ಮೇಲೆ ಉಳಿಯೋದು ನಾನಲ್ಲ" ಅಂತ ಸ್ಲೇಟಿನಲ್ಲಿ ಬರೆದು ಗೋಡೆ ಕಡೆ ತಿರುಗಿ ಮಲಗ್ತಾರೆ. ಅತ್ತೂ ಆಯ್ತು, ಬೈದೂ ಆಯ್ತು. ಈ ಮೂರು ತಿಂಗಳಲ್ಲಿ ಇವರು ನಕ್ಕಿದ್ದು ನಿಮ್ಮ ಕಾರ್ಡು ಬಂದ ದಿನ ಒಂದೇ. ನಾನು ಹೇಳಿದೆ ಅಂತ ಗೊತ್ತಾಗಬಾರದು ಅಣ್ಣ. ಹೆಂಗಾದರೂ ಕರೆಸಿಕೊಳ್ಳಿ.


ಚನ್ನಪಟ್ಟಣ
15 ಜನವರಿ 2025

ಮಹೇಂದ್ರ,

ಕಾಗದ ಬಂತು. ಮೊದ್ಲು ನಾನೊಬ್ಬನೇ ಓದ್ಕೊಂಡೆ. ಆಮೇಲೆ ಅಸ್ರಾ ಎದ್ದು ನಿಂತು ಓದಿದ್ಲು. ಪಕ್ಕದ ಸೈಕಲ್ ಶಾಪಿನ ನರೇಂದ್ರನೂ ಬಂದು ಬಾಗಿಲಲ್ಲಿ ನಿಂತ. ಶಾರುಖ್ ಶಿಳ್ಳೆ ಹೊಡೆದ. ಓದಿದ ಮೇಲೆ ಕಾಗದ ಅವಳ ಕೈಯಿಂದ ಇಸ್ಕೊಂಡು ಜೇಬಲ್ಲಿ ಇಟ್ಕೊಂಡೆ.

ಅವರೆಕಾಯಿ ಅಂತೀಯ. ನಿನ್ನ ಹೊಲದಲ್ಲಿ ಅವರೆ ಎಷ್ಟೈತೆ ಅಂತ ನಂಗೊತ್ತಿಲ್ವೇನ್ಲಾ? ಬದುವಿನ ಮೇಲೆ ಎರಡು ಸಾಲು. ಅದನ್ನ ಕೀಳೋಕೆ ಇಡೀ ಚಳಿಗಾಲ ಬೇಕಾ?

ಮಾತಾಡೋಕೆ ಬಾ ಅಂತ ನಾನು ಬರೆದಿಲ್ಲ. ನೋಡೋಕೆ ಬಾ ಅಂತ ಬರೆದೆ. ಕಾರ್ಡು ಇನ್ನೊಂದ್ಸಲ ಓದ್ಕೋ.

ಇಷ್ಟು ವರ್ಷದ ಮೇಲೆ ಯಾಕೆ ಬರೆದ ಅಂತ ನಿಂಗೆ ಅನ್ನಿಸಿರಬೌದು. ಅಸ್ರಾ ಆ ಪಿಕ್ಚರ್ ತೋರಿಸಿದ ತಕ್ಷಣ ನಂಗೆ ನಿನ್ನ ದನಿ ಕೇಳಿಸ್ತು. ನಾನೇನು ಮಾಡ್ಲಿ.

ಊಟ ಸರಿಯಾಗಿ ಮಾಡ್ತಿದ್ದೀಯಾ? ಈ ಚಳೀಲಿ ಎಲ್ಲರಿಗೂ ಒಸಿ ನುಂಗೋಕೆ ಕಷ್ಟ ಆಗ್ತದೆ. ನಂಗೂ ಆಗ್ತದೆ. ಬಿಸಿನೀರು ಕುಡಿ.

ಪಿಕ್ಚರ್ ನಾವಿನ್ನೂ ನೋಡಿಲ್ಲ. ಹಂಗೇ ಇಟ್ಟಿದೀವಿ.

ಓವೈಸ್


ಕುದೂರು
27 ಜನವರಿ 2025

ಸಭಾಸದರೇ, ಈ ಸಲ ಬೇಕಾದರೆ ಮೆಶೀನು ಓಡಿಸಿಕೊಂಡೇ ಕೇಳಿ. ಪಾತ್ರಧಾರಿ ಅರ್ಧ ಬಣ್ಣದಲ್ಲಿದ್ದಾನೆ.

ಓವೈಸ, ಮಾತಾಡದೆ ನೋಡು ಅಂತೀಯಲ್ಲ, ಅದು ಹೆಂಗೆ ಆಗುತ್ತದೆ ಹೇಳು. ಎರಡು ಸಾವಿರದ ನಾಲ್ಕನೇ ಇಸವಿ ನೆನಪು ಮಾಡಿಕೋ. ನಾಟಕದ ಅರಮನೆಗೆ ಮರದ ಕಂಬ ಕಡೆಸಲು ನಿನ್ನ ಶೆಡ್ಡಿಗೆ ಬಂದಿದ್ದೆ. ಯಾರೋ ಬೆಂಗಳೂರಿನಿಂದ ಆ ಸೀಡಿ ತಂದಿದ್ದರು. ಹಾಕಿದರೆ ಪೂರ್ತಿ ಜಪಾನಿ ಭಾಷೆ! ಕೆಳಗೆ ಒಂದು ಅಕ್ಷರವೂ ಇಲ್ಲ. ಹತ್ತು ನಿಮಿಷಕ್ಕೆ ಎಲ್ಲರೂ ಆಕಳಿಸತೊಡಗಿದರು. ಆಗ ನಾನು ಎದ್ದೆ. ಹೆಗಲ ಮೇಲಿನ ಟವೆಲ್ಲು ಕೊಡವಿ ಟೀವಿ ಪಕ್ಕ ನಿಂತೆ. ಬೆಟ್ಟದ ಮೇಲಿನ ಆ ಛತ್ರದ ಯಜಮಾನನಿಗೆ ನಮ್ಮೂರ ಪಟೇಲರ ದನಿ ಹಾಕಿದೆ. ಅವನ ಪುಟ್ಟ ಮಗಳಿಗೆ ಕೀರಲು ದನಿ, ಪೂಜಾರಪ್ಪನಿಗೆ ಮೂಗಿನ ದನಿ. ಏಳನೇ ಕೋಣೆಯ ಗೋಡೆಯೊಳಗಿಂದ ಟಕ್, ಟಕ್, ಟಕ್ ಅಂತ ಕುಟ್ಟಿ ಕುಟ್ಟಿ, ಕೊನೆಗೆ ಕೂದಲು ಇಳಿಬಿಟ್ಟುಕೊಂಡು ಹೊರಬಂದಳಲ್ಲ ಬಿಳಿ ಬಟ್ಟೆಯ ಹೆಂಗಸು, ಅವಳಿಗೆ ಮಾತ್ರ ಪೂರಾ ಎದೆ ಕೊಟ್ಟೆ. "ಎಲವೋ ಪಾಪಿ! ನನ್ನನ್ನು ಗೋಡೆಯಲ್ಲಿ ಹೂತು, ಮೇಲೆ ಸುಣ್ಣ ಬಳಿದು, ನೆಮ್ಮದಿಯಾಗಿ ಉಣ್ಣುತ್ತೀಯೇನೋ?" ಶೆಡ್ಡಿನ ತಗಡು ನಡುಗಿತು! ಐದು ವರ್ಷದ ಅಸ್ರಾ ನಿನ್ನ ಮಡಿಲಿಗೆ ನುಗ್ಗಿದಳು. ಎಷ್ಟೋ ವರ್ಷ ಆ ಹುಡುಗಿ ಜಪಾನಿನ ದೆವ್ವಗಳೆಲ್ಲ ಕುದೂರಿನ ಕನ್ನಡ ಆಡುತ್ತವೆ ಅಂತಲೇ ನಂಬಿದ್ದಳಲ್ಲ.

ಗೋಡೆ ಒಡೆದು ಮೂಳೆ ತೆಗೆದು ಗುಡಿಗೆ ಒಪ್ಪಿಸಿದರು, ಗಂಟೆ ಹೊಡೆಯಿತು, ಮುಗಿಯಿತು. ನಾನು ಮಂಗಳ ಹಾಡಿದೆ. ಮುಗಿದ ಕಥೆಗೆ ಇನ್ನೊಂದು ಭಾಗ ಯಾತಕ್ಕೆ?

ದನಿ ಕೊಡದೆ ಮೂಲೆಯಲ್ಲಿ ಕುಳಿತು ನೋಡುವ ಮಹೇಂದ್ರನನ್ನು ನೀವು ಯಾರೂ ನೋಡಿಲ್ಲ. ನೋಡುವುದೂ ಬೇಡ. ಕೂಗದ ಮೇಲೆ ನಾನು ಯಾವ ಪಾರ್ಟು? ಈಗ ಆಟೋದಲ್ಲಿ ಮೊಬೈಲಿನಲ್ಲಿ ರೆಕಾರ್ಡು ಮಾಡಿದ್ದನ್ನೇ ಹಾಕಿಕೊಂಡು ತಿರುಗುತ್ತಾರೆ. ಯಾರೋ ಹೆಂಗಸಿನ ದನಿ, ಸಕ್ಕರೆ ಪಾಕದ ಹಾಗೆ. ಎಮ್ಮೆ ಕಳೆದವನ ಸಂಕಟ ಅವಳಿಗೆ ಏನು ಗೊತ್ತು?

ನೀವು ನೋಡಿ. ಕಥೆ ಬರೆದು ಕಳಿಸು, ಸಾಕು.

ಇಂತಿ
ಮಹೇಂದ್ರ


ಚನ್ನಪಟ್ಟಣ
8 ಫೆಬ್ರವರಿ 2025

ಮಹೇಂದ್ರ,

ಅರ್ಧ ನೋಡಿದ್ವಿ. ಅಲ್ಲಿಗೆ ನಿಲ್ಲಿಸಿದ್ವಿ. ಉಳಿದರ್ಧ ನೀನು ಬರೋಗಂಟ ನೋಡಲ್ಲ ಅಂತ ಅಸ್ರಾ ಹಟ ಹಿಡಿದವ್ಳೆ.

ಕಥೆ ಕೇಳ್ದಲ್ಲ, ಕೇಳು. ಛತ್ರದ ಯಜಮಾನನ ಆ ಪುಟ್ಟ ಮಗಳು ಈಗ ದೊಡ್ಡೋಳಾಗವ್ಳೆ. ಪಟ್ಟಣದಲ್ಲಿ ಹತ್ತು ಮಹಡಿ ಕಟ್ಟಡ, ಹೊಸ ಮನೆ, ಹೊಸ ಬಣ್ಣ. ಒಂದಿನ ಗೋಡೆಯೊಳಗಿಂದ ಟಕ್ ಟಕ್ ಟಕ್. ಗುಡಿಗೆ ಒಪ್ಪಿಸಿದ್ರೂ ಅವಳು ಹೋಗಿಲ್ಲ. ಕಟ್ಟಡದೋರೆಲ್ಲ ಹೆದರ್ಕೊಂಡು ಆ ಹುಡುಗಿ ಮಖ ನೋಡಲ್ಲ, ಲಿಫ್ಟಲ್ಲಿ ಜೊತೆಗೆ ನಿಲ್ಲಲ್ಲ.

ಇನ್ನೊಂದು ವಿಷಯ ಐತೆ. ಬರೀಬೇಕೋ ಬ್ಯಾಡವೋ ಅಂತ ಮೂರು ದಿನ ಕೂತಿದ್ದೆ. ಈ ಸಲ ಕೆಳಗೆ ಇಂಗ್ಲಿಷ್ ಅಕ್ಷರ ಬತ್ತದೆ, ಅಸ್ರಾ ಓದಿ ಹೇಳಿದ್ಲು. ಆ ಹೆಂಗಸು ಮೊದಲನೇ ಭಾಗದಲ್ಲಿ ಒಂದು ಮಾತೂ ಆಡಿಲ್ವಂತೆ. ನೀನು ಆಡಿಸಿದ್ದೆಲ್ಲ ನಿಂದೇ. ಅವಳು ಛತ್ರದಲ್ಲಿ ಹಾಡೋಳಂತೆ. ಯಜಮಾನ ಅವಳ ಗಂಟಲು ಸುಟ್ಟು ಆಮೇಲೆ ಗೋಡೇಲಿ ಇಟ್ಟಿದ್ನಂತೆ. ದನಿ ಇಲ್ಲ. ಅದಕ್ಕೇ ಕುಟ್ಟೋದು. ಹೆದರಿಸೋಕಲ್ಲ, ಏನೋ ಹೇಳೋಕೆ. ಏನು ಅಂತ ಇನ್ನೂ ಗೊತ್ತಾಗಿಲ್ಲ.

ನೀನು ಬರದೆ ಇರೋದು ಗದೆ ವಿಷಯಕ್ಕಾದ್ರೆ ಅದನ್ನೂ ಹೇಳ್ಬಿಡ್ತೀನಿ. ಮೆಶೀನಿಗೆ ನನ್ನ ತೋರುಬೆರಳು ಹೋಗಿ ಆರು ತಿಂಗಳು ಮೂಲೇಲಿ ಕೂತಿದ್ದೆ. ನೀನೇ ಬಂದು "ಉಳಿದ ಒಂಬತ್ತು ಏನು ಮಾಡ್ತವೆ, ಉಣ್ಣೋಕೆ ಮಾತ್ರಾನಾ? ನಂಗೊಂದು ಗದೆ ಮಾಡ್ಕೊಡು ಏಳ್ಲಾ" ಅಂದೆ. ಎದ್ದೆ. ಮಾಡ್ದೆ. ನಾಟಕದ ದಿನ ಕುದೂರು ಸಂತೆ ಮೈದಾನದಲ್ಲಿ ನೀನು ಗದೆ ಎತ್ತಿದ ಏಟಿಗೆ ತಲೆ ಕಳಚಿ ಮುಂದಿನ ಸಾಲಿಗೆ ಹಾರ್ತು. ಜನ ನಕ್ರು. ನೀನು ಮೈಕಿನ ಮುಂದೆ ಬಂದು "ಒಂಬತ್ತು ಬೆರಳಿನವನ ಗದೆ ಇಷ್ಟೇ ಮಹಾಜನಗಳೇ!" ಅಂದೆ. ಇನ್ನೂ ಜೋರಾಗಿ ನಕ್ರು. ನಾನು ಪರದೆ ಪಕ್ಕ ನಿಂತಿದ್ದೆ.

ನೀನು ಅಂದಿದ್ದು ನಿಜಾನೇ ಇರಬೌದು. ಕೈ ಸರಿ ಕೂರದಿದ್ರೆ ಕೂಡಿಕೆ ನಿಲ್ಲಲ್ಲ. ಅವತ್ತಿಂದ ದೊಡ್ಡ ಕೆಲಸ ಹಿಡಿದಿಲ್ಲ. ಗಿಲಕಿ ಮಾತ್ರ. ಗಿಲಕಿ ಮುರಿದ್ರೆ ಮಗು ಅಳ್ತದೆ ಅಷ್ಟೇ, ನಗಲ್ಲ.

ಅದನ್ನ ಬುಡು. ಫೆಬ್ರವರಿ 21 ಶುಕ್ರವಾರ ನಮಾಜ್ ಮುಗಿಸಿಕೊಂಡು ಮಧ್ಯಾಹ್ನ ಹಾಕ್ತೀವಿ. ಆಮೇಲೆ ರಂಜಾನ್ ಬತ್ತದೆ, ಪಿಕ್ಚರ್ ಗಿಕ್ಚರ್ ಇಲ್ಲ. ಬಾ.

ಓವೈಸ್


ಕುದೂರು
23 ಫೆಬ್ರವರಿ 2025

ಓವೈಸ,

ಇದನ್ನು ಸಭೆಗೆ ಓದಿಸಬೇಡ. ನೀನೊಬ್ಬನೇ ಓದು.

ಶುಕ್ರವಾರ ನೀವೆಲ್ಲ ಟೀವಿ ಕಡೆ ನೋಡುತ್ತಿದ್ದಿರಿ. ನನ್ನ ಜಾಗದಿಂದ ಕಂಡದ್ದೇ ಬೇರೆ, ಅದನ್ನು ಬರೆಯುತ್ತೇನೆ.

ಮಾಗಡಿಯಲ್ಲಿ ಒಂದು ಬಸ್ಸು, ರಾಮನಗರದಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಸುಳ್ಳು ಅಭ್ಯಾಸ ಮಾಡಿಕೊಂಡು ಬಂದೆ: ನೆಗಡಿ, ಧೂಳು, ಕೂಗಿ ಕೂಗಿ ಕಟ್ಟಿದ ಗಂಟಲು. ನೀನು ಬಾಗಿಲಲ್ಲೇ ತಬ್ಬಿಕೊಂಡೆ. ಒಂದು ಮಾತೂ ಕೇಳಲಿಲ್ಲ. ಎಲ್ಲರಿಗೂ ಚಾ ಬಂತು, ನನಗೊಬ್ಬನಿಗೆ ಬೆಚ್ಚಗಿನ ಹಾಲು. ಆ ಲೋಟ ಕೈಗೆ ಬಂದಾಗಲೇ ತಿಳಿಯಿತು, ಲತಾಮಣಿ ನಿನಗೆ ಬರೆದಿದ್ದಾಳೆ ಅಂತ. ಮನೆಗೆ ಬಂದು ಅವಳನ್ನು ಕೇಳಿದೆ. "ಹೌದು, ಬರೆದೆ. ಏನೀಗ? ಬೈಯಿರಿ ನೋಡೋಣ, ದನಿ ಇದ್ದರೆ" ಅಂದಳು. ಅಂದವಳೇ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನೀವು ಶಟರ್ ಎಳೆದು, ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದಿರಿ. ನನಗೋಸ್ಕರ ಪಿಕ್ಚರು ಮೊದಲಿಂದ ಶುರುವಾಯಿತು. ಮೊದಲ ಟಕ್ ಟಕ್ ಬಂದದ್ದೇ ತಡ, ಎಲ್ಲರ ಕಣ್ಣೂ ನನ್ನ ಕಡೆ. ನೀವು ಬೇಕೆಂದು ನೋಡಲಿಲ್ಲ, ಹಳೆಯ ರೂಢಿ. ನನ್ನ ಕಾಲೂ ಬೇಕೆಂದು ಏಳಲಿಲ್ಲ, ಅದೂ ರೂಢಿ. ಎದ್ದು ನಿಂತು ಬಾಯಿ ತೆರೆದೆ. ಬಂದದ್ದು ದನಿಯಲ್ಲ. ಒಣ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದ ಸದ್ದು. ಶಾರುಖನ ಮಗಳು ಕಿಟಾರನೆ ಕಿರುಚಿದಳಲ್ಲ, ಟೀವಿ ನೋಡಿ ಅಂತ ನೀವೆಲ್ಲ ಅವಳನ್ನು ಸಮಾಧಾನ ಮಾಡಿದಿರಿ. ಟೀವಿಯಲ್ಲಿ ಆಗ ಬರೀ ಗೋಡೆ ಇತ್ತು, ಓವೈಸ. ಮಗು ನೋಡುತ್ತಿದ್ದದ್ದು ನನ್ನನ್ನು.

ಮೂವತ್ತು ವರ್ಷ ನಾನು ಬಂದರೆ ಮಕ್ಕಳು ಮುಂದಕ್ಕೆ ಓಡಿಬರುತ್ತಿದ್ದವು.

ಹೊರಟುಬಿಡೋಣ ಅಂತ ಚಪ್ಪಲಿ ಹುಡುಕುತ್ತಿದ್ದೆ. ಆಗ ನೀನು ಎದ್ದೆ. ಜನ್ಮದಲ್ಲಿ ಒಂದು ಸಭೆಯ ಮುಂದೆ ಬಾಯಿ ಬಿಡದ ನೀನು! ಟೀವಿ ಪಕ್ಕ ನಿಂತು, ಕೈ ಎಲ್ಲಿ ಇಡಬೇಕು ಅಂತ ತಿಳಿಯದೆ ಜೇಬಿಗೆ ತುರುಕಿ, "ಯಾರಮ್ಮಾ ಅದು ಗೋಡೆ ಕುಟ್ಟೋರು? ಬಾಗ್ಲೈತಲ್ಲಾ" ಅಂದೆ. ಅಷ್ಟು ಕೆಟ್ಟ ಪಾರ್ಟು ನಾನು ಶಾಲೆ ಮಕ್ಕಳ ನಾಟಕದಲ್ಲೂ ನೋಡಿಲ್ಲ. ಹುಡುಗಿಗೂ ಅದೇ ದನಿ, ಪೊಲೀಸಿನವನಿಗೂ ಅದೇ ದನಿ, ಮಧ್ಯೆ ಮಧ್ಯೆ ಕೆಮ್ಮು ಬೇರೆ. ಅಸ್ರಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಕಾಲ ಬಳಿ ಬಿದ್ದಿದ್ದ ಮರದ ತುಂಡು ತೆಗೆದುಕೊಂಡು ಹಲಗೆಗೆ ಕುಟ್ಟಿದೆ. ಒಂದು ಏಟಿಗೆ ದನಿ ಏರಿಸು, ಎರಡಕ್ಕೆ ನಿಧಾನ. ನೀನು ಹೆಂಗೆ ಅರ್ಥ ಮಾಡಿಕೊಂಡೆಯೋ! ಏರಿಸಿದೆ. ನಿಧಾನ ಮಾಡಿದೆ. ಅರ್ಧ ಗಂಟೆಯಲ್ಲಿ ನಿನ್ನಿಂದ ಸುಮಾರಾದ ಒಂದು ಪಾರ್ಟು ಮಾಡಿಸಿದೆ ನಾನು, ಬಾಯಿಲ್ಲದೆ.

ಆಮೇಲೆ ಅವಳು ಬಂದಳು. ಗೋಡೆಯಲ್ಲಿ ಮೊದಲು ಬೆರಳು, ಆಮೇಲೆ ಆ ಕೂದಲು. ನೀನು ಮಾತು ನಿಲ್ಲಿಸಿದೆ. ನನ್ನ ಕಡೆ ತಿರುಗಿ, ಈ ಪಾರ್ಟು ನಿಂದು ಅನ್ನುವ ಹಾಗೆ ತಲೆಯಾಡಿಸಿದೆ. ಅವಳ ಕೈ ಗೋಡೆಗೆ ಬಡಿದ ಲೆಕ್ಕಕ್ಕೇ ನಾನೂ ಹಲಗೆಗೆ ಬಡಿದೆ. ಟಕ್. ಟಕ್. ಟಕ್. ಒಬ್ಬರೂ ನಗಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ನಾನು ಆ ಹೆಂಗಸಿಗೆ ಕೊಟ್ಟದ್ದು ನನ್ನ ದನಿ. ಶುಕ್ರವಾರ ಕೊಟ್ಟದ್ದು ಅವಳದೇ.

ಕೊನೆ ನನಗೆ ಹಿಡಿಸಲಿಲ್ಲ. ಆ ಹುಡುಗಿ ಗೋಡೆಗೆ ಕಿವಿಯಿಟ್ಟು ತಾನೂ ತಿರುಗಿ ಕುಟ್ಟುತ್ತಾಳೆ, ಆಗ ತಿಳಿಯುತ್ತದೆ: ಕಟ್ಟಡದ ಕಂಬ ಒಳಗೇ ಸೀಳಿದೆ, ಹೊಸ ಬಣ್ಣದಡಿ ಯಾರಿಗೂ ಕಂಡಿಲ್ಲ. ಹೊರಡು, ಹೊರಡು ಅಂತ ಹೇಳಲು ಅವಳು ಅಷ್ಟು ದಿನ ಕುಟ್ಟಿದ್ದು. ಹುಡುಗಿ ಪ್ರತಿ ಬಾಗಿಲೂ ಬಡಿಯುತ್ತಾಳೆ, ದೆವ್ವ ಹಿಡಿದವಳು ಅಂತ ಯಾರೂ ತೆಗೆಯುವುದಿಲ್ಲ. ಒಬ್ಬಳೇ ಚೀಲ ಹಿಡಿದು ರಸ್ತೆಗೆ ಬರುತ್ತಾಳೆ. ಬೆನ್ನ ಹಿಂದೆ ಹತ್ತು ಮಹಡಿ ಕುಸಿಯುತ್ತದೆ. ಧೂಳು ಇಳಿದ ಮೇಲೆ ಆ ಕಲ್ಲುರಾಶಿಯ ಒಳಗಿಂದ ಮತ್ತೆ ಟಕ್, ಟಕ್. ಅದು ಅವಳೋ, ಬದುಕುಳಿದ ಯಾರೋ, ಹೇಳದೆಯೇ ಮುಗಿಸಿಬಿಟ್ಟರು. ಮಂಗಳ ಎಲ್ಲಿ ಹಾಡಬೇಕು ಇದಕ್ಕೆ?

ದೀಪ ಹಾಕಿದಾಗ ನೀವೆಲ್ಲ ನನ್ನ ಮುಖ ನೋಡಿದಿರಿ. ಗೊತ್ತು ನನಗೆ, ಏನು ಕೇಳುತ್ತಿದ್ದೀರಿ ಅಂತ. ಆ ಹುಡುಗಿ ಮನೆ ಬಿಟ್ಟು ಹೊರಗೆ ಬಂದಳು. ಮನೆ ಬೇರೆ, ಗಂಟಲು ಬೇರೆ. ಕತ್ತಿನ ತೂತಿನಲ್ಲಿ ಬುಸುಗುಡುತ್ತ ಬೀದಿಯಲ್ಲಿ ನಡೆದರೆ ಊರಿನ ಮಕ್ಕಳೆಲ್ಲ ಹಾಗೇ ಕಿರುಚುತ್ತವೆ. ಆಪರೇಶನ್ನಿಗೆ ನಾನು ಒಪ್ಪಲಾರೆ. ಕ್ಷಮಿಸು.

ಹೊರಡುವಾಗ ನಿನ್ನ ಶೆಡ್ಡಿನ ಮೂಲೆಯಲ್ಲಿ ಆ ಗದೆಯ ಹಿಡಿ ಕಂಡೆ, ತಲೆಯಿಲ್ಲದ್ದು. ಅದರ ಬಗ್ಗೆ ನಿನಗೆ ಒಂದು ಮಾತು ಹೇಳುವುದಿತ್ತು. ಬಸ್ಸಿಗೆ ಹೊತ್ತಾಯಿತು.

ನಿನ್ನ
ಮಹೇಂದ್ರ


ಚನ್ನಪಟ್ಟಣ
9 ಮಾರ್ಚ್ 2025, ಬೆಳಿಗ್ಗೆ

ಮಹೇಂದ್ರ,

ಇದನ್ನ ಅಸ್ರಾ ಕೈಲೇ ಕಳಿಸ್ತಿದ್ದೀನಿ. ಪೋಸ್ಟಿಗೆ ಹಾಕಿದ್ರೆ ತಡ ಆಗ್ತದೆ. ನಾನೇ ಬತ್ತಿದ್ದೆ. ನನ್ನ ಮಖ ನೋಡಿದ್ರೆ ನೀನು ಇಲ್ಲ ಅಂತ ಹಟ ಹಿಡೀತೀಯ, ಅವಳಿಗೆ ಇಲ್ಲ ಅನ್ನಲ್ಲ.

ಲತಾಮಣಿ ತಂಗ್ಯಮ್ಮ ಫೋನು ಮಾಡಿದ್ರು. ಆಸ್ಪತ್ರೇಲಿ ನಾಳೆ ಸೋಮವಾರ ಸೇರಿಸ್ಕೊಳ್ಳೋಕೆ ಜಾಗ ಕೊಟ್ಟವ್ರೆ, ಬುಧವಾರ ಆಪರೇಶನ್, ನಾಳೆ ಬಿಟ್ರೆ ಮತ್ತೆ ಯಾವಾಗ ಅಂತ ಹೇಳೋಕಾಗಲ್ಲ ಅಂದ್ರಂತೆ. ನೀನು ಸ್ಲೇಟು ಒರೆಸಿ ಇಟ್ಟು ಹೊಲಕ್ಕೆ ಹೋದ್ಯಂತೆ.

ನಂಗೆ ನಿನ್ನಂಗೆ ಮಾತು ಬರಲ್ಲ. ಒಂದೇ ಹೇಳ್ತೀನಿ. ಬೆರಳು ಹೋದಾಗ ನಾನೂ ಹಿಂಗೇ ಕೂತಿದ್ದೆ. ಬೆರಳಿಲ್ಲದ ಕೈ ಯಾರ ಮುಂದೆ ಚಾಚಲಿ ಅಂತ ಬಟ್ಟೆ ಸುತ್ಕೊಂಡಿರ್ತಿದ್ದೆ. ನೀನು ಬಂದು ಬಟ್ಟೆ ಕಿತ್ತೆಸೆದೆ. ಗದೆ ಮುರೀತು, ನಿಜ. ಆದ್ರೂ ಅವತ್ತು ನೀನು ಎಬ್ಬಿಸದಿದ್ರೆ ಗಿಲಕೀನೂ ಮಾಡ್ತಿರಲಿಲ್ಲ, ಅಸ್ರಾನ ಓದಿಸ್ತಾನೂ ಇರಲಿಲ್ಲ.

ಶಾರುಖನ ಮಗಳು ದಿನಾ ಬಂದು "ಕುಟ್ಟೋ ಮಾಮ ಯಾವಾಗ ಬತ್ತಾರೆ?" ಅಂತ ಕೇಳ್ತಾಳೆ. ಹೆದರಿದ್ದು ಒಂದು ನಿಮಿಷ. ಆಮೇಲೆ ಎರಡು ಗಂಟೆ ನಿನ್ನ ಪಕ್ಕದಲ್ಲೇ ಕೂತಿದ್ಲು. ಅದನ್ನ ನೀನು ನೋಡಿಲ್ಲ, ಟೀವಿ ನೋಡ್ತಿದ್ದೆ.

ಪೊಟ್ಟಣದಲ್ಲಿ ಒಂದು ಸಾಮಾನೈತೆ. ಆರು ವರ್ಷದ ಮೇಲೆ ಕೂಡಿಕೆ ಹಾಕಿ ಮಾಡಿದ್ದು. ಗಿಲಕಿನೇ, ಆದ್ರೆ ಗದೆ ಆಕಾರ. ಅಲ್ಲಾಡ್ಸಿದ್ರೆ ಸದ್ದು, ಕುಟ್ಟಿದ್ರೂ ಸದ್ದು. ತಲೆ ಕೂಡಿಸ್ದೆ, ನಂಬಿಕೆ ಬರಲಿಲ್ಲ. ಮೂರು ಸಲ ಬಿಚ್ಚಿ ಮತ್ತೆ ಕೂಡಿಸ್ದೆ. ಈ ಸಲ ಹಾರಿಹೋದ್ರೆ ಯಾರ ಮುಂದೇನೂ ಹೇಳಬ್ಯಾಡ ಕಣ್ಲಾ.

ಓವೈಸ್


ಕುದೂರು
9 ಮಾರ್ಚ್ 2025, ಮಧ್ಯಾಹ್ನ

ಓವೈಸ,

ಅಸ್ರಾ ಜಗುಲಿಯ ಮೇಲೆ ಕುಳಿತಿದ್ದಾಳೆ. ಉಪವಾಸ ಇದ್ದಾಳೆ, ನೀರೂ ಮುಟ್ಟಿಲ್ಲ. ಲತಾಮಣಿ ಸಂಜೆಗೆ ಅಂತ ಖರ್ಜೂರ, ಬಾಳೆಹಣ್ಣು ಕಟ್ಟಿಕೊಡುತ್ತಿದ್ದಾಳೆ. ಮೂರೂವರೆ ಬಸ್ಸಿಗೆ ಹುಡುಗಿಯನ್ನು ಹತ್ತಿಸಬೇಕು, ಅಷ್ಟರೊಳಗೆ ಬರೆದು ಮುಗಿಸುತ್ತೇನೆ.

ಪೊಟ್ಟಣ ಬಿಚ್ಚಿದೆ. ಒಂದು ಗೇಣಿನ ಗದೆ. ಕೆಂಪು, ಹಳದಿ, ಹಸಿರು, ಕನ್ನಡಿಯ ಹಾಗೆ ಹೊಳೆಯುವ ಅರಗು. ಹಿಡಿದು ನೋಡಿದೆ, ಎಳೆದು ನೋಡಿದೆ, ಕಂಬಕ್ಕೆ ಬಡಿದು ನೋಡಿದೆ. ತಲೆ ಕದಲಲಿಲ್ಲ. ಕದಲುವುದೂ ಇಲ್ಲ. ನೀನು ಮಾಡಿದ ಯಾವ ಕೂಡಿಕೆಯೂ ತಾನಾಗಿ ಕದಲಿಲ್ಲ, ಓವೈಸ. ಆ ದೊಡ್ಡ ಗದೆಯದ್ದೂ.

ಕೇಳು. ನಾಟಕದ ಹಿಂದಿನ ದಿನ ಆ ಗದೆಯನ್ನು ನಾನು ಅನೌನ್ಸ್ ಆಟೋದ ತಲೆಯ ಮೇಲೆ, ಮೈಕಿನ ಕೊಂಬಿನ ಪಕ್ಕ ಕಟ್ಟಿಕೊಂಡು ಹೊರಟೆ. "ನೋಡಿ ಮಹಾಜನಗಳೇ, ನಾಳೆ ರಾತ್ರಿ ಈ ಗದೆ ಎದ್ದರೆ ಭೂಮಿ ನಡುಗುತ್ತದೆ!" ಅಂತ ಕುದೂರು, ಮಾಗಡಿ, ಸಾವನದುರ್ಗದ ತಪ್ಪಲಿನ ಊರುಗಳನ್ನೆಲ್ಲ ಸುತ್ತಿದೆ. ಏಪ್ರಿಲ್ ತಿಂಗಳ ಬಿಸಿಲು, ಬೆಳಿಗ್ಗೆಯಿಂದ ಸಂಜೆವರೆಗೆ ಕಾದ ತಗಡು. ಗದೆ ಕೊಡುವಾಗ ನೀನು ಹೇಳಿದ್ದೆ, "ಅರಗಿನ ಕೂಡಿಕೆ, ಬಿಸಿಲಿಗೆ ಇಡಬ್ಯಾಡ" ಅಂತ. ಮೆರೆಯುವ ಹುಚ್ಚಿನಲ್ಲಿ ಮರೆತೆ. ಸಂಜೆ ಇಳಿಸಿದರೆ ಅರಗು ಜೇನಿನ ಹಾಗೆ ಇಳಿದಿತ್ತು, ತಲೆ ಅಲ್ಲಾಡುತ್ತಿತ್ತು. ನಿನಗೆ ಹೇಳಲು ನಾಚಿಕೆಯಾಯಿತು. ಯಾರಿಗೂ ಕಾಣದ ಹಾಗೆ ಸುತ್ತಲೂ ಜರಿಪಟ್ಟಿ ಸುತ್ತಿ ಅಂಟಿಸಿದೆ. ಗೊತ್ತಿದ್ದೇ ಎತ್ತಿದೆ. ಹಾರಿಹೋಯಿತು. ಐನೂರು ಜನ ನನ್ನನ್ನು ನೋಡಿ ನಗುತ್ತಿದ್ದರು. ಆ ನಗುವನ್ನು ಎತ್ತಿ ನಿನ್ನ ಮೇಲೆ ಹಾಕಿದೆ.

ಆರು ವರ್ಷ ನೀನು ನಿನ್ನ ಕೈಯನ್ನು ಬೈದುಕೊಂಡೆ. ನಾನು ಸುಮ್ಮನಿದ್ದೆ. ಆಗ ನನಗೆ ದನಿ ಇತ್ತು, ಬೇಕಾದಷ್ಟು ಇತ್ತು. ಕಳೆದುಹೋದ ಎಮ್ಮೆಗೆಲ್ಲ ಕೂಗಿದೆ. ಈ ಒಂದು ಮಾತಿಗೆ ಬಾಯಿ ತೆರೆಯಲಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಕಾಗದದಲ್ಲಿ ಹೇಳಿ ಮುಗಿಸುವ ತಪ್ಪಲ್ಲ ಇದು. ನಾನು ಬರೆದು ಬೈಯಲಿಲ್ಲ, ಬಾಯಿಂದ ಬೈದೆ, ಮೈಕಿನಲ್ಲಿ ಬೈದೆ, ಸಭೆಯ ಮುಂದೆ ಬೈದೆ. ಬುಧವಾರದ ಮೇಲೆ ಆ ಬಾಯಿ ನನಗೆ ಸಿಗುವುದಿಲ್ಲ.

ಲತಾಮಣಿಗೆ ಈಗ ತಾನೇ ಹೇಳಿದೆ, ಅಂದರೆ ಗಿಲಕಿಯಿಂದ ಕಂಬಕ್ಕೆ ಒಂದು ಏಟು ಹಾಕಿದೆ. ಏನು ಅಂತ ಹೊರಗೆ ಬಂದಳು. ಸ್ಲೇಟಿನಲ್ಲಿ "ಬಟ್ಟೆ ಕಟ್ಟು" ಅಂತ ಬರೆದು ತೋರಿಸಿದೆ. ಅವಳು ಓದಿ, ಸೆರಗಿನಿಂದ ಮುಖ ಒರೆಸಿಕೊಂಡು, "ಬಿಳಿ ಪಂಚೆ ಇಡಲಾ, ಲುಂಗಿ ಸಾಕಾ?" ಅಂದಳು. ಅಸ್ರಾ ಅಲ್ಲಿಂದಲೇ "ಮಾಮ, ಗದೆ ಮರೀಬೇಡಿ" ಅನ್ನುತ್ತಿದ್ದಾಳೆ. ಹೆದರಿಕೆ ಹೋಗಿದೆ ಅಂದುಕೊಳ್ಳಬೇಡ. ಮೂರು ಸಲ ಬಿಚ್ಚಿ ಕೂಡಿಸಿದೆ ಅಂತ ನೀನು ಬರೆದದ್ದನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

ನಾಳೆ ಬೆಳಿಗ್ಗೆ ಆರೂಮುಕ್ಕಾಲಿಗೆ ಕುದೂರು ಬಸ್‌ಸ್ಟಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ನಿಲ್ಲುತ್ತೇನೆ. ಹತ್ತುವ ಮುಂಚೆ ನಿನಗೆ ಫೋನು ಮಾಡುತ್ತೇನೆ. ಶೆಡ್ಡಿನಲ್ಲಿ ಸಭೆ ಸೇರಿಸಿರು. ಶಾರುಖ್, ಅವನ ಮಗಳು, ನರೇಂದ್ರ, ಬೀದಿಯಲ್ಲಿ ಹೋಗುವವರು, ಯಾರು ಸಿಕ್ಕರೂ ಕರೆದು ನಿಲ್ಲಿಸು. ಫೋನಿನ ಸ್ಪೀಕರ್ ಹಾಕು. ಒಣ ಗರಿ ಎಳೆದ ಸದ್ದು ಬಂದರೆ ಹೆದರಬೇಡಿ ಅಂತ ಮಗುವಿಗೆ ಮೊದಲೇ ಹೇಳಿರು. ಉಳಿದಿರುವ ಎದೆಯನ್ನೆಲ್ಲ ಕೂಡಿಸಿ ಹೇಳುತ್ತೇನೆ: ಗದೆ ಕೆಡಿಸಿದ್ದು ಮಹೇಂದ್ರ, ಓವೈಸನ ಕೈಯಲ್ಲ. ನೀನು ಏನೂ ಮಾತಾಡಬೇಡ. ಕೇಳಿಸಿತು ಅನ್ನುವುದಕ್ಕೆ ಹಲಗೆಗೆ ಒಂದು ಸಲ ಕುಟ್ಟು. ಅದು ಕಿವಿಗೆ ಬಿದ್ದ ಮೇಲೆ ಬಸ್ಸು ಹತ್ತುತ್ತೇನೆ.

ನಿನ್ನ
ಮಹೇಂದ್ರ